ಅಮೋನಿಯಾ ಹೋಯಿತು, ನೈಟ್ರೈಟ್ ಇಳಿಯುತ್ತಿಲ್ಲ: ಆ ಕಿಣ್ವದ ಬಗ್ಗೆ ತಿಳಿದವರು ಹೇಳಿ

ಗಾಜಿನಮೀನು

ಎಲ್ಲರಿಗೂ ನಮಸ್ಕಾರ. ನನ್ನ 100 ಲೀಟರ್ ಅಕ್ವೇರಿಯಂ ಶುರುವಾಗಿ ಆರು ವಾರ ಆಯಿತು. ಮೊದಲು ಅಮೋನಿಯಾ ಏರಿತು, ಮೂರನೇ ವಾರಕ್ಕೆ ಸೊನ್ನೆಗೆ ಇಳಿಯಿತು. ಖುಷಿಪಟ್ಟೆ. ಆದರೆ ಅದರ ಜಾಗಕ್ಕೆ ನೈಟ್ರೈಟ್ ಬಂದು ಕೂತಿದೆ. ಲೀಟರಿಗೆ 5 ಮಿಲಿಗ್ರಾಂ ತೋರಿಸುತ್ತಿದೆ. ಮೂರು ವಾರದಿಂದ ಒಂಚೂರೂ ಕದಲಿಲ್ಲ. ಒಳಗೆ ನಾಲ್ಕು ಸಣ್ಣ ಮೀನುಗಳಿವೆ. ಅವು ಮೇಲಕ್ಕೆ ಬಂದು ಬಾಯಿ ಬಿಡುತ್ತಿವೆ. ನೋಡಿದರೆ ಸಂಕಟವಾಗುತ್ತದೆ.

ಸ್ವಲ್ಪ ಓದಿಕೊಂಡೆ. ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳೇ ಬೇರೆ ಅಂತೆ. ಅವುಗಳಲ್ಲಿ ನೈಟ್ರೈಟ್ ಆಕ್ಸಿಡೊರಿಡಕ್ಟೇಸ್ ಅನ್ನುವ ಕಿಣ್ವ ಇದೆ, ಚಿಕ್ಕದಾಗಿ ಎನ್‌ಎಕ್ಸ್‌ಆರ್. ನೈಟ್ರೈಟ್‌ನಲ್ಲಿ ಎರಡು ಆಮ್ಲಜನಕ, ನೈಟ್ರೇಟ್‌ನಲ್ಲಿ ಮೂರು. ಅಂದರೆ ಈ ಕಿಣ್ವ ಗಾಳಿಯ ಆಮ್ಲಜನಕವನ್ನು ತಂದು ಅಂಟಿಸುತ್ತದೆ ಎಂದು ಲೆಕ್ಕ ಹಾಕಿ ಇನ್ನೊಂದು ಏರ್ ಪಂಪ್ ಹಾಕಿದೆ. ಏನೂ ಆಗಲಿಲ್ಲ. ನನ್ನ ಲೆಕ್ಕ ಎಲ್ಲಿ ತಪ್ಪಿತು?

ಫಿಲ್ಟರ್‌ಪ್ರೇಮಿ

ಕಿಣ್ವ ಆಮೇಲೆ. ಮೊದಲು ಮೀನು ಉಳಿಸಿಕೊಳ್ಳಿ.

ಇವತ್ತೇ ಅರ್ಧ ನೀರು ಬದಲಿಸಿ. ನಳದ ನೀರಾದರೆ ಕ್ಲೋರಿನ್ ತೆಗೆದೇ ಹಾಕಿ. ಆಮೇಲೆ ಒಂದಿಷ್ಟು ಉಪ್ಪು. ಕಾರಣ ಇದು: ಸಿಹಿನೀರಿನ ಮೀನು ಕಿವಿರಿನ ಮೂಲಕ ಕ್ಲೋರೈಡ್ ಒಳಗೆ ಎಳೆದುಕೊಳ್ಳುತ್ತದೆ. ಅದೇ ಬಾಗಿಲಲ್ಲಿ ನೈಟ್ರೈಟ್ ಕೂಡ ನುಗ್ಗುತ್ತದೆ. ರಕ್ತಕ್ಕೆ ಸೇರಿದರೆ ಹಿಮೋಗ್ಲೋಬಿನ್ ಕೆಟ್ಟು ಮೆಥಿಮೋಗ್ಲೋಬಿನ್ ಆಗುತ್ತದೆ, ಅದು ಆಮ್ಲಜನಕ ಹೊರುವುದಿಲ್ಲ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಲ್ಲಿ ಗಾಳಿ ಸಾಕಷ್ಟಿದ್ದರೂ ಮೀನಿಗೆ ಉಸಿರು ಕಟ್ಟುವುದು ಅದಕ್ಕೇ. ಕ್ಲೋರೈಡ್ ಜಾಸ್ತಿ ಇದ್ದರೆ ಬಾಗಿಲಲ್ಲಿ ಅದೇ ತುಂಬಿಕೊಳ್ಳುತ್ತದೆ, ನೈಟ್ರೈಟ್‌ಗೆ ಜಾಗ ಸಿಗುವುದಿಲ್ಲ.

ಮೀನು ಸಾಕಣೆಯವರ ಲೆಕ್ಕ: ನೈಟ್ರೈಟ್‌ಗಿಂತ ಕ್ಲೋರೈಡ್ ಕನಿಷ್ಠ 10 ಪಟ್ಟು ಇರಬೇಕು. ನಿಮ್ಮದು 5 ಇದ್ದರೆ ಕ್ಲೋರೈಡ್ 50 ಮಿಲಿಗ್ರಾಂ ಬೇಕು. ಉಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಕ್ಲೋರೈಡ್. ಹಾಗಾಗಿ 100 ಲೀಟರಿಗೆ 8-9 ಗ್ರಾಂ ಉಪ್ಪು. ಬರೀ ಉಪ್ಪು, ಬೇರೇನೂ ಬೆರೆಸದ್ದು. ಕರಗಿಸಿ ನಿಧಾನವಾಗಿ ಹಾಕಿ. ಏರ್ ಪಂಪ್ ಎರಡೂ ಓಡಲಿ.

ಸೂಕ್ಷ್ಮದರ್ಶಿ

ಉಪ್ಪಿನ ಸಲಹೆ ಸರಿಯಾಗಿದೆ. ಈಗ ಕಿಣ್ವದ ಪ್ರಶ್ನೆಗೆ ಬರುತ್ತೇನೆ. ನಾನು ಓದಿದ್ದು, ಕೆಲಸ ಮಾಡಿದ್ದು ಎಲ್ಲ ಇದೇ ಬ್ಯಾಕ್ಟೀರಿಯಾಗಳ ಮೇಲೆ. ಈ ಪ್ರಶ್ನೆ ಯಾರು ಕೇಳಿದರೂ ನನಗೆ ಖುಷಿ.

> ಗಾಳಿಯ ಆಮ್ಲಜನಕವನ್ನು ತಂದು ಅಂಟಿಸುತ್ತದೆ

ಹೀಗೆ ಅಂದುಕೊಳ್ಳುವುದು ತುಂಬಾ ಸಹಜ. ಆದರೆ ಆ ಮೂರನೇ ಆಮ್ಲಜನಕ ಗಾಳಿಯದಲ್ಲ, ನೀರಿನದು.

ಒಂದು ನೈಟ್ರೈಟ್, ಒಂದು ನೀರಿನ ಅಣು. ಇವು ಸೇರಿದರೆ ಒಂದು ನೈಟ್ರೇಟ್, ಎರಡು ಪ್ರೋಟಾನ್, ಎರಡು ಎಲೆಕ್ಟ್ರಾನ್. ಕಿಣ್ವ ಮಾಡುವ ಕ್ರಿಯೆ ಇಷ್ಟೇ. ಇದರಲ್ಲಿ ಗಾಳಿಯ ಆಮ್ಲಜನಕ ಎಲ್ಲೂ ಬರುವುದಿಲ್ಲ ನೋಡಿ. 1960ರ ದಶಕದಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಭಾರದ ಆಮ್ಲಜನಕ, ಅಂದರೆ ಆಮ್ಲಜನಕ-18 ಇರುವ ನೀರಲ್ಲಿ ಬ್ಯಾಕ್ಟೀರಿಯಾ ಇಟ್ಟರು. ಆ ಭಾರದ ಪರಮಾಣು ನೈಟ್ರೇಟ್‌ನಲ್ಲಿ ಸಿಕ್ಕಿತು. ಭಾರದ ಆಮ್ಲಜನಕವನ್ನು ಗಾಳಿಯಲ್ಲಿ ಕೊಟ್ಟಾಗ ನೈಟ್ರೇಟ್‌ಗೆ ಅದು ಸೇರಲಿಲ್ಲ.

ಹಾಗಾದರೆ ಉತ್ಕರ್ಷಣೆ ಅಂದರೇನು? ಇಲ್ಲಿ ಅದು ಎಲೆಕ್ಟ್ರಾನ್ ಕಿತ್ತುಕೊಳ್ಳುವ ಕೆಲಸ. ಆಮ್ಲಜನಕ ಸೇರುವುದು ಅದರ ಜೊತೆಗೆ ನಡೆಯುವ ಸಂಗತಿ. ಕಿತ್ತ ಎರಡು ಎಲೆಕ್ಟ್ರಾನ್‌ಗಳು ಬ್ಯಾಕ್ಟೀರಿಯಾದ ಪೊರೆಯಲ್ಲಿ ಕೈಯಿಂದ ಕೈಗೆ ಸಾಗಿ ಕೊನೆಗೆ ಗಾಳಿಯ ಆಮ್ಲಜನಕಕ್ಕೆ ಸೇರುತ್ತವೆ. ಅಲ್ಲಿ ಅದು ನೀರಾಗುತ್ತದೆ. ಗಾಳಿ ಬೇಕೇ ಬೇಕು, ಆದರೆ ಅದರ ಪಾತ್ರ ಬೇರೆ. ಅದು ಎಲೆಕ್ಟ್ರಾನ್ ಹೋಗಿ ಸೇರುವ ಜಾಗ. ಗಾಳಿ ಈಗಾಗಲೇ ಸಾಕಷ್ಟಿದ್ದರೆ ಪಂಪ್ ಹೆಚ್ಚಿಸಿದ್ದಕ್ಕೆ ಕಿಣ್ವ ಓಡುವುದಿಲ್ಲ.

ಇನ್ನೊಂದು ಮಾತು. ಮೊದಲ ಹಂತದಲ್ಲಿ, ಅಂದರೆ ಅಮೋನಿಯಾ ನೈಟ್ರೈಟ್ ಆಗುವಾಗ, ಒಂದು ಆಮ್ಲಜನಕ ನಿಜಕ್ಕೂ ಗಾಳಿಯಿಂದ ಬರುತ್ತದೆ, ಇನ್ನೊಂದು ನೀರಿನಿಂದ. ಎರಡನೇ ಹಂತದ್ದು ಮತ್ತೆ ನೀರಿನದು. ಹಾಗಾಗಿ ನಿಮ್ಮ ತೊಟ್ಟಿಯಲ್ಲಿ ಹುಟ್ಟುವ ನೈಟ್ರೇಟ್‌ನ ಮೂರು ಆಮ್ಲಜನಕದಲ್ಲಿ ಒಂದು ಗಾಳಿಯ ಮಗು, ಎರಡು ನೀರಿನ ಮಕ್ಕಳು. ಅಂತರ್ಜಲದ ನೈಟ್ರೇಟ್ ಎಲ್ಲಿಂದ ಬಂತು ಎಂದು ಪತ್ತೆ ಮಾಡುವವರು ಈ ಲೆಕ್ಕವನ್ನೇ ಹಿಡಿದು ಶುರು ಮಾಡುತ್ತಾರೆ.

ಬಯೋಕೆಮ್_ಎರಡನೇವರ್ಷ

ಮೇಡಂ, ಎಷ್ಟು ಚೆನ್ನಾಗಿ ಹೇಳಿದಿರಿ. ನಮಗೆ ಪಾಠದಲ್ಲಿ ಎರಡೇ ಸಾಲು ಇತ್ತು. ಎರಡು ಪ್ರಶ್ನೆ ಕೇಳಲಾ? ಕಿಣ್ವದ ಒಳಗೆ ಈ ಎಲೆಕ್ಟ್ರಾನ್ ಕೀಳುವುದು ಯಾರು? ಮತ್ತೆ ಹೆಸರಲ್ಲಿ ಆಕ್ಸಿಡೊ ಜೊತೆ ರಿಡಕ್ಟೇಸ್ ಯಾಕೆ?

ಸೂಕ್ಷ್ಮದರ್ಶಿ

ಕೀಳುವುದು ಮಾಲಿಬ್ಡಿನಮ್ ಅನ್ನುವ ಲೋಹ. ಒಂದೇ ಒಂದು ಪರಮಾಣು.

ಕಿಣ್ವಕ್ಕೆ ಮುಖ್ಯವಾಗಿ ಮೂರು ತುಂಡುಗಳು. ಆಲ್ಫಾ ತುಂಡು ದೊಡ್ಡದು. ಅದರ ನಡುವೆ ಮಾಲಿಬ್ಡಿನಮ್ ಪರಮಾಣು ಕೂತಿರುತ್ತದೆ, ಟೆರಿನ್ ಅನ್ನುವ ಎರಡು ಸಾವಯವ ಅಣುಗಳು ಎರಡು ಕಡೆಯಿಂದ ಗಂಧಕದ ಕೈಗಳಿಂದ ಅದನ್ನು ಹಿಡಿದಿರುತ್ತವೆ. ನೈಟ್ರೈಟ್ ಬಂದು ಇಲ್ಲೇ ನೈಟ್ರೇಟ್ ಆಗುತ್ತದೆ. ಆ ಹೊತ್ತಿಗೆ ಮಾಲಿಬ್ಡಿನಮ್ ಎರಡು ಎಲೆಕ್ಟ್ರಾನ್ ಪಡೆದು 6ನೇ ಸ್ಥಿತಿಯಿಂದ 4ಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಕಬ್ಬಿಣ-ಗಂಧಕದ ಗೊಂಚಲುಗಳ ಸಾಲು. ಒಂದು ಆಲ್ಫಾದಲ್ಲಿ, ನಾಲ್ಕು ಬೀಟಾ ತುಂಡಿನಲ್ಲಿ. ಹಳ್ಳ ದಾಟಲು ಕಲ್ಲಿಂದ ಕಲ್ಲಿಗೆ ಹೆಜ್ಜೆ ಹಾಕಿದ ಹಾಗೆ ಎಲೆಕ್ಟ್ರಾನ್‌ಗಳು ಒಂದೊಂದಾಗಿ ಇವನ್ನು ದಾಟುತ್ತವೆ. ಕೊನೆಗೆ ಗಾಮಾ ತುಂಡಿನ ಹೀಮ್ ಮೂಲಕ, ಎಲೆಕ್ಟ್ರಾನ್ ಸಾಗಿಸುವ ಸೈಟೋಕ್ರೋಮ್ ಪ್ರೋಟೀನ್‌ಗಳ ಕಡೆಗೆ.

ಕಬ್ಬಿಣ ಜಾಸ್ತಿ ಬೇಕು ಅಂತ ಇದರಿಂದಲೇ ಗೊತ್ತಾಗುತ್ತದೆ. ಮಾಲಿಬ್ಡಿನಮ್ ತೀರಾ ಸ್ವಲ್ಪ ಸಾಕು, ಆದರೆ ಅದು ಪೂರ್ತಿ ಇಲ್ಲದಿದ್ದರೆ ಕಿಣ್ವ ಬರೀ ಪ್ರೋಟೀನ್ ಉಂಡೆ.

ಹೆಸರಿನ ವಿಷಯ: ಈ ಕಿಣ್ವ ಎರಡೂ ದಿಕ್ಕಿಗೆ ಓಡಬಲ್ಲದು. ಆಮ್ಲಜನಕ ಇಲ್ಲದೆ, ಬೇರೆ ಕಡೆಯಿಂದ ಎಲೆಕ್ಟ್ರಾನ್ ಸಿಕ್ಕರೆ, ನೈಟ್ರೇಟನ್ನು ಹಿಂದಕ್ಕೆ ನೈಟ್ರೈಟ್ ಮಾಡುತ್ತದೆ. ಅದಕ್ಕೇ ರಿಡಕ್ಟೇಸ್. ಇದರ ನೆಂಟರಲ್ಲಿ ಹಲವು ಕಿಣ್ವಗಳ ಕಸುಬೇ ಆ ಹಿಂದಿನ ದಿಕ್ಕಿನದು. ನಮ್ಮ ಕರುಳಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದ ನೈಟ್ರೇಟ್ ರಿಡಕ್ಟೇಸ್ ಇದೇ ಮನೆತನದ್ದು.

ಈ ಎರಡು ದಿಕ್ಕಿನ ಗುಣ ಅದಕ್ಕೆ ಮುಳುವಾಗುವುದೂ ಉಂಟು. ಪ್ರಯೋಗಾಲಯದಲ್ಲಿ ಎರಡನೇ ಹಂತವನ್ನು ಮಾತ್ರ ನಿಲ್ಲಿಸಬೇಕಾದಾಗ ಕ್ಲೋರೇಟ್ ಹಾಕುತ್ತಾರೆ. ಅದು ನೋಡಲು ನೈಟ್ರೇಟ್ ತರಹವೇ ಇರುತ್ತದೆ. ಕಿಣ್ವ ಮೋಸಹೋಗಿ ಅದನ್ನು ಕ್ಲೋರೈಟ್ ಮಾಡುತ್ತದೆ. ಕ್ಲೋರೈಟ್ ವಿಷ. ಕೊಡಲಿ ಕಾವು ಕುಲಕ್ಕೆ ಮೃತ್ಯು ಅನ್ನುತ್ತಾರಲ್ಲ, ಹಾಗೆ ತನ್ನ ಕಿಣ್ವವೇ ತನಗೆ ವಿಷ ತಯಾರಿಸಿ ಕೊಡುತ್ತದೆ.

ಬಾಟಲಿ_ಬೇಕಾ

ಇಷ್ಟೆಲ್ಲ ಯಾಕೆ? ನೈಟ್ರೊಬ್ಯಾಕ್ಟರ್ ಇರುವ ಬಾಟಲಿ ಸಿಗುತ್ತದೆ. ತಂದು ಸುರಿಯಿರಿ, ಮುಗಿಯಿತು.

ಫಿಲ್ಟರ್‌ಪ್ರೇಮಿ

ನಾನು ಅದನ್ನೇ ಮಾಡಿ ನೋಡಿದ್ದೇನೆ. ಎರಡು ಬಾಟಲಿ ಸುರಿದೆ. ಒಂದು ತಿಂಗಳಾದರೂ ನೈಟ್ರೈಟ್ ಹಾಗೇ ಇತ್ತು. ಕೊನೆಗೆ ಕೆಲಸ ಮಾಡಿದ್ದು ಗೆಳೆಯರ ಹಳೆಯ ತೊಟ್ಟಿಯಿಂದ ತಂದ ಒಂದು ತುಂಡು ಸ್ಪಂಜು. ಒಂಬತ್ತು ದಿನದಲ್ಲಿ ನೈಟ್ರೈಟ್ ಸೊನ್ನೆ. ಎರಡಕ್ಕೂ ಯಾಕೆ ಅಷ್ಟು ವ್ಯತ್ಯಾಸ ಎಂದು ನನಗೆ ಆಗ ತಿಳಿಯಲಿಲ್ಲ.

ಸೂಕ್ಷ್ಮದರ್ಶಿ

ಎಲ್ಲ ಬಾಟಲಿಗಳೂ ಒಂದೇ ಅಲ್ಲ, ಹಾಗಾಗಿ ನಿಮ್ಮ ಬಾಟಲಿಯಲ್ಲಿ ಏನಿತ್ತು ಎಂದು ನಾನು ಹೇಳಲಾರೆ. ಆದರೆ ನೈಟ್ರೊಬ್ಯಾಕ್ಟರ್ ಎಂಬ ಹೆಸರಿನ ಹಿಂದೆ ನೂರು ವರ್ಷದ ಒಂದು ತಪ್ಪು ತಿಳಿವಳಿಕೆ ಇದೆ. ಅದನ್ನು ಹೇಳಲೇಬೇಕು.

ಪಠ್ಯಪುಸ್ತಕಗಳಲ್ಲಿ ನೈಟ್ರೈಟ್ ಅಂದರೆ ನೈಟ್ರೊಬ್ಯಾಕ್ಟರ್ ಅಂತಲೇ ಬರೆದಿರುತ್ತದೆ. ಯಾಕೆಂದರೆ ಪ್ರಯೋಗಾಲಯದ ಬಾಟಲಿಯಲ್ಲಿ ನೈಟ್ರೈಟ್ ಧಾರಾಳವಾಗಿ ಸುರಿದಾಗ ಬೆಳೆದು ಬಂದದ್ದು ಅದು. 1998ರಲ್ಲಿ ಹೊವಾನೆಕ್ ಮತ್ತು ಜೊತೆಗಾರರು ಸಿಹಿನೀರಿನ ಅಕ್ವೇರಿಯಂಗಳಲ್ಲಿ ಡಿಎನ್‌ಎ ಹಿಡಿದು ಹುಡುಕಿದರು. ನೈಟ್ರೈಟ್ ಇಳಿಯುವ ಹೊತ್ತಿಗೆ ಹೆಚ್ಚುತ್ತಿದ್ದದ್ದು ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರಾ ಬಳಗದ ಬ್ಯಾಕ್ಟೀರಿಯಾ. ಅದೇ ಹೊತ್ತಿಗೆ ಕೊಳಚೆನೀರಿನ ಘಟಕಗಳಲ್ಲೂ ಅದೇ ಕಥೆ ಹೊರಬಿತ್ತು. ಅಷ್ಟು ದಿನ ಕೆಲಸವೆಲ್ಲ ಮಾಡುತ್ತಿದ್ದದ್ದು ಎಲೆಮರೆಯ ಕಾಯಿ ನೈಟ್ರೊಸ್ಪೈರಾ. ಹೆಸರು ಮಾತ್ರ ಇನ್ನೊಬ್ಬರದು.

ಇವೆರಡರ ವ್ಯತ್ಯಾಸ ಕಿಣ್ವ ಎಲ್ಲಿ ಕೂತಿದೆ ಅನ್ನುವುದರಲ್ಲೇ ಇದೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ನೈಟ್ರೊಬ್ಯಾಕ್ಟರ್‌ನಲ್ಲಿ ಕಿಣ್ವ ಒಳಪೊರೆಗೆ ಅಂಟಿಕೊಂಡು ಕೋಶದ ಒಳಕ್ಕೆ ಮುಖ ಮಾಡಿರುತ್ತದೆ. ನೈಟ್ರೈಟನ್ನು ಪೊರೆ ದಾಟಿಸಿ ಒಳಗೆ ತರಬೇಕು, ತಯಾರಾದ ನೈಟ್ರೇಟನ್ನು ಹೊರಗೆ ಕಳಿಸಬೇಕು. ಪ್ರೋಟಾನ್‌ಗಳೂ ಒಳಗೇ ಬೀಳುತ್ತವೆ. ನೈಟ್ರೊಸ್ಪೈರಾದಲ್ಲಿ ಕಿಣ್ವದ ಮುಖ ಹೊರಕ್ಕೆ, ಒಳಪೊರೆಗೂ ಹೊರಪೊರೆಗೂ ನಡುವಿನ ಜಾಗಕ್ಕೆ. ಜಗುಲಿಯಲ್ಲಿ ಕೂತು ಕೆಲಸ ಮುಗಿಸಿದ ಹಾಗೆ. ಒಳಗೆ ತರುವ ಶ್ರಮವಿಲ್ಲ. ಎರಡು ಪ್ರೋಟಾನ್ ಹೊರಗೆ ಬಿಡುಗಡೆಯಾಗುತ್ತವೆ. ಇನ್ನೊಂದು ತುದಿಯಲ್ಲಿ ಆಮ್ಲಜನಕ ನೀರಾಗುವಾಗ ಒಳಗಿನ ಎರಡು ಪ್ರೋಟಾನ್ ಖರ್ಚಾಗುತ್ತವೆ. ಹೊರಗೆ ಜಾಸ್ತಿ, ಒಳಗೆ ಕಡಿಮೆ. ಈ ಏರುಪೇರೇ ಬ್ಯಾಕ್ಟೀರಿಯಾಕ್ಕೆ ಶಕ್ತಿ, ಇದರಿಂದಲೇ ಕೋಶ ಖರ್ಚು ಮಾಡುವ ಶಕ್ತಿಯ ಅಣು ಎಟಿಪಿ ತಯಾರಾಗುವುದು. ನೈಟ್ರೊಬ್ಯಾಕ್ಟರ್‌ನಲ್ಲಿ ಒಳಗೆ ಬಿದ್ದದ್ದೂ ಒಳಗೆ ಖರ್ಚಾದದ್ದೂ ವಜಾ ಆಗಿಬಿಡುತ್ತವೆ. ಅದು ಬರೀ ಆಕ್ಸಿಡೇಸ್ ಪಂಪನ್ನೇ, ಅಂದರೆ ಆಮ್ಲಜನಕವನ್ನು ನೀರು ಮಾಡುತ್ತಾ ಪ್ರೋಟಾನ್ ಹೊರಕ್ಕೆ ತಳ್ಳುವ ಕಿಣ್ವವನ್ನೇ ನಂಬಬೇಕು.

ಕಡಿಮೆ ನೈಟ್ರೈಟ್‌ನಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದಕ್ಕೂ ಅಳತೆಗಳಿವೆ. ತಮ್ಮ ಗರಿಷ್ಠ ವೇಗದ ಅರ್ಧ ಮುಟ್ಟಲು ನೈಟ್ರೊಸ್ಪೈರಾ ತಳಿಗಳಿಗೆ ಸುಮಾರು 9ರಿಂದ 27 ಮೈಕ್ರೊಮೋಲಾರ್ ನೈಟ್ರೈಟ್ ಸಾಕು. ನೈಟ್ರೊಬ್ಯಾಕ್ಟರ್ ತಳಿಗಳಿಗೆ 49ರಿಂದ 544ರವರೆಗೆ ಬೇಕು. 2015ರಲ್ಲಿ ಪ್ರಕಟವಾದ ಅಳತೆ ಇದು. ಚೆನ್ನಾಗಿ ನಡೆಯುವ ತೊಟ್ಟಿಯಲ್ಲಿ ನೈಟ್ರೈಟ್ ತೀರಾ ಕಡಿಮೆ ಇರುತ್ತದೆ, ಅಲ್ವಾ? ಅಲ್ಲಿ ನೈಟ್ರೊಬ್ಯಾಕ್ಟರ್ ಉಪವಾಸ ಬೀಳುತ್ತದೆ.

ಬಾಟಲಿ_ಬೇಕಾ

ಇದು ನನಗೆ ಗೊತ್ತಿರಲಿಲ್ಲ. ನಾನು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಹಳೆಯ ಸ್ಪಂಜು ಸಿಗುವವರು ಅದನ್ನೇ ಹಾಕಿ.

ಘಟಕದಿಂದ

ನಾನು ಕೊಳಚೆನೀರು ಶುದ್ಧೀಕರಣದಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಗಾಜಿನಮೀನು ಅವರ ತೊಟ್ಟಿಯಲ್ಲಿ ಆಗಿರುವುದು ನಮ್ಮಲ್ಲಿ ದೊಡ್ಡ ಪ್ರಮಾಣದಲ್ಲಿ ಆಗುತ್ತದೆ. ಒಂದು ಸಲ ರಾತ್ರಿ ಇದ್ದಕ್ಕಿದ್ದಂತೆ ಅಮೋನಿಯಾ ತುಂಬಿದ ನೀರು ಬಂತು. ಅಮೋನಿಯಾ ಎರಡು ದಿನಕ್ಕೆ ಹತೋಟಿಗೆ ಬಂತು. ನೈಟ್ರೈಟ್ ಮೂರು ವಾರ ಸತಾಯಿಸಿತು. ದಿನಾ ಬೆಳಿಗ್ಗೆ ಮಾದರಿ ತೆಗೆದು ಕೆಂಪು ಬಣ್ಣ ನೋಡುವುದೇ ಆಯಿತು.

ಕಾರಣ ಹಳೆಯದೇ. ಅಮೋನಿಯಂ ಬೇರೆ, ಅಮೋನಿಯಾ ಅನಿಲ ಬೇರೆ. ಪಿಎಚ್ ಏರಿದಷ್ಟೂ ಅನಿಲದ ಪಾಲು ಜಾಸ್ತಿ. ಆ ಅನಿಲರೂಪ ನೈಟ್ರೈಟ್ ತಿನ್ನುವ ಬ್ಯಾಕ್ಟೀರಿಯಾಕ್ಕೆ ಆಗಿಬರುವುದಿಲ್ಲ. 1976ರಲ್ಲಿ ಆಂಥೊನಿಸನ್ ಮತ್ತು ಜೊತೆಗಾರರು ಕೊಟ್ಟ ಅಂಕಿಗಳನ್ನು ನಾವು ಇವತ್ತಿಗೂ ಇಟ್ಟುಕೊಂಡಿದ್ದೇವೆ. ಲೀಟರಿಗೆ 0.1ರಿಂದ 1 ಮಿಲಿಗ್ರಾಂ ಮುಟ್ಟಿದರೆ ನೈಟ್ರೈಟ್ ಹಂತ ತಡವರಿಸುತ್ತದೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ 10ರಿಂದ 150ರವರೆಗೆ ತಡೆದುಕೊಳ್ಳುತ್ತದೆ. ಮೊದಲ ಮೂರು ವಾರ ನಿಮ್ಮ ತೊಟ್ಟಿಯಲ್ಲಿ ಅಮೋನಿಯಾ ಏರಿತ್ತು ಅಂದಿರಿ. ಆಗ ಎರಡನೇ ಗುಂಪು ಬೆಳೆಯಲೇ ಇಲ್ಲ. ಅವುಗಳ ಗಡಿಯಾರ ಶುರುವಾದದ್ದೇ ಅಮೋನಿಯಾ ಇಳಿದ ಮೇಲೆ. ಪಿಎಚ್ ಎಷ್ಟಿದೆ ಹೇಳಿ.

ಇನ್ನೊಂದು. ನೈಟ್ರೇಟ್ ಕಿಟ್ ಏನು ತೋರಿಸುತ್ತಿದೆ?

ಗಾಜಿನಮೀನು

ಪಿಎಚ್ 8.2. ನೈಟ್ರೇಟ್ 40 ತೋರಿಸುತ್ತಿದೆ! ಅದಕ್ಕೇ ನನಗೆ ಇನ್ನೂ ಗೊಂದಲ. ನೈಟ್ರೇಟ್ ಇದೆ ಅಂದರೆ ಕಿಣ್ವ ಕೆಲಸ ಮಾಡುತ್ತಿದೆ ಅಂತ ತಾನೇ?

ಉಪ್ಪು ಹಾಕಿದೆ. ನೀರು ಬದಲಿಸಿದೆ. ಮೀನುಗಳು ಇವತ್ತು ಕೆಳಗೆ ಈಜುತ್ತಿವೆ. ತುಂಬಾ ಥ್ಯಾಂಕ್ಸ್.

ಘಟಕದಿಂದ

ಆ 40 ನಂಬಬೇಡಿ. ಬಹಳಷ್ಟು ನೈಟ್ರೇಟ್ ಕಿಟ್‌ಗಳು ಮೊದಲು ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೈಟ್‌ನ ಬಣ್ಣವನ್ನೇ ಅಳೆಯುತ್ತವೆ. ಬಣ್ಣದ ಪರೀಕ್ಷೆ 1879ರಲ್ಲಿ ಗ್ರೀಸ್ ಕೊಟ್ಟದ್ದು, ಇವತ್ತಿಗೂ ಅದೇ. ನೀರಲ್ಲಿ ಮೊದಲೇ ನೈಟ್ರೈಟ್ ಇದ್ದರೆ ಅದೂ ಬಣ್ಣ ಕೊಡುತ್ತದೆ. ನೈಟ್ರೇಟ್ ಇಲ್ಲದಿದ್ದರೂ ಇರುವ ಹಾಗೆ ಕಾಣುತ್ತದೆ. ನೈಟ್ರೈಟ್ ಸೊನ್ನೆಯಾದ ಮೇಲೆ ಮಾತ್ರ ಆ ಕಿಟ್ ನಂಬಿ.

ಕಿಟ್‌ನ ಕಾಗದವನ್ನೂ ಓದಿ. ಕೆಲವು ನೈಟ್ರೈಟ್ ಅಂತ ಅಳೆಯುತ್ತವೆ, ಕೆಲವು ನೈಟ್ರೈಟ್‌ನಲ್ಲಿರುವ ಸಾರಜನಕ ಅಂತ. ಎರಡರ ನಡುವೆ 3.3 ಪಟ್ಟು ವ್ಯತ್ಯಾಸ. ನಿಮ್ಮ 5 ಸಾರಜನಕದ ಲೆಕ್ಕದ್ದಾದರೆ ನಿಜಕ್ಕೂ ನೈಟ್ರೈಟ್ 16ಕ್ಕಿಂತ ಜಾಸ್ತಿ. ಆಗ ಮೇಲೆ ಹೇಳಿದ ಉಪ್ಪಿನ ಲೆಕ್ಕವೂ ಬದಲಾಗುತ್ತದೆ.

ಪಿಎಚ್ 8.2 ಅಂದರೆ ನನ್ನ ಅನುಮಾನ ಸರಿ. ಅಷ್ಟು ಪಿಎಚ್‌ನಲ್ಲಿ ಅನಿಲರೂಪದ ಪಾಲು ಸಣ್ಣದೇ ಆದರೂ ಆ ಬ್ಯಾಕ್ಟೀರಿಯಾಗಳನ್ನು ತಡೆಯಲು ಸಾಕು.

ಬಯೋಕೆಮ್_ಎರಡನೇವರ್ಷ

ಆದರೂ ಇಷ್ಟು ನಿಧಾನ ಯಾಕೆ? ಅಮೋನಿಯಾ ಇಳಿದು ಮೂರು ವಾರ ಆಯಿತಲ್ಲ. ಸಾಮಾನ್ಯ ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲಿ ತಟ್ಟೆ ತುಂಬುತ್ತದೆ.

ಸೂಕ್ಷ್ಮದರ್ಶಿ

ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದೇ ಕಾರಣ.

ಒಂದು ಮೋಲ್ ಅಮೋನಿಯಾ ನೈಟ್ರೈಟ್ ಆದರೆ ಸುಮಾರು 275 ಕಿಲೊಜೌಲ್ ಶಕ್ತಿ ಸಿಗುತ್ತದೆ. ನೈಟ್ರೈಟ್ ನೈಟ್ರೇಟ್ ಆದರೆ ಬರೀ 74. ಒಂದು ಮೋಲ್ ಗ್ಲುಕೋಸ್ ಪೂರ್ತಿ ಉರಿದರೆ 2,800ಕ್ಕೂ ಜಾಸ್ತಿ. ಹೋಲಿಸಿ ನೋಡಿ.

ಕಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ನೈಟ್ರೈಟ್‌ನ ಎಲೆಕ್ಟ್ರಾನ್‌ಗಳು ಸುಮಾರು +0.42 ವೋಲ್ಟ್‌ನಲ್ಲಿ ಇರುತ್ತವೆ. ಆಮ್ಲಜನಕ +0.82ರಲ್ಲಿ. ಹಾಗಾಗಿ ಇಳಿಜಾರು ಬರೀ 0.4 ವೋಲ್ಟ್. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಮೈ ಬೆಳೆಸಲು ಎನ್‌ಎಡಿಎಚ್ ಅನ್ನುವ ಎಲೆಕ್ಟ್ರಾನ್ ಹೊರುವ ಅಣು ಬೇಕು. ಅದು −0.32 ವೋಲ್ಟ್‌ನಲ್ಲಿದೆ. ಅಂದರೆ ಒಂದಷ್ಟು ಎಲೆಕ್ಟ್ರಾನ್‌ಗಳನ್ನು 0.74 ವೋಲ್ಟ್ ಬೆಟ್ಟ ಹತ್ತಿಸಬೇಕು. ಹಾಗೆ ಹತ್ತಿಸಲು ಇಳಿಜಾರಲ್ಲಿ ಹೋದ ಎಲೆಕ್ಟ್ರಾನ್‌ಗಳು ಕಟ್ಟಿಕೊಟ್ಟ ಪ್ರೋಟಾನ್ ಒತ್ತಡವನ್ನೇ ಖರ್ಚು ಮಾಡಬೇಕು. ಹರಿವನ್ನು ಹಿಂದಕ್ಕೆ ನೂಕಿದ ಹಾಗೆ.

ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಒಂದು ಸಮೀಕರಣ ಇದೆ, ಘಟಕದವರು ನೋಡಿರುತ್ತಾರೆ. 400 ನೈಟ್ರೈಟ್ ಉರಿಸಿದರೆ ಕೋಶಕ್ಕೆ ಸೇರುವ ಇಂಗಾಲ ಬರೀ 5 ಪರಮಾಣು. ಒಂದು ಇಂಗಾಲಕ್ಕೆ 80 ನೈಟ್ರೈಟ್! ಪ್ರತಿಯೊಂದೂ ಆ ಮಾಲಿಬ್ಡಿನಮ್ ಮುಂದೆ ಬಂದು ಹೋಗಬೇಕು. ಅದಕ್ಕೇ ಈ ಬ್ಯಾಕ್ಟೀರಿಯಾಗಳು ತಮ್ಮ ಪೊರೆಯಲ್ಲಿ ಎನ್‌ಎಕ್ಸ್‌ಆರ್ ಅನ್ನು ಸಾಲುಸಾಲಾಗಿ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೈಟ್ರೊಬ್ಯಾಕ್ಟರ್ ಒಳಪೊರೆ ನೋಡಿದರೆ ಮಣಿ ಪೋಣಿಸಿದಂತೆ ಕಾಣುತ್ತದೆ. ನಾನು ಮೊದಲ ಸಲ ಅದನ್ನು ನೋಡಿದ ದಿನ ಊಟ ಮರೆತು ಕೂತಿದ್ದೆ.

ನಮಗೆ ಅವು ನಿಧಾನ ಅನಿಸುತ್ತವೆ. ಆದರೆ ಒಂದೊಂದು ಕೋಶವೂ ತನ್ನ ಸಣ್ಣ ದೇಹಕ್ಕೆ ಹೋಲಿಸಿದರೆ ಅಪಾರ ನೈಟ್ರೈಟ್ ಸಾಗಿಸುತ್ತದೆ. ಕೋಶ ಕಡಿಮೆ, ಕೆಲಸ ಜಾಸ್ತಿ.

ಘಟಕದಿಂದ

ಹೌದು, 400ಕ್ಕೆ 5, ಆ ಸಮೀಕರಣ ನಮ್ಮ ಗೋಡೆಯ ಮೇಲೇ ಇದೆ. ಒಂದು ಮಾತು ಸೇರಿಸುತ್ತೇನೆ. ಒಂದು ಗ್ರಾಂ ಅಮೋನಿಯಾ-ಸಾರಜನಕ ನೈಟ್ರೈಟ್ ಆಗಲು 3.43 ಗ್ರಾಂ ಆಮ್ಲಜನಕ ಬೇಕು. ನೈಟ್ರೈಟ್‌ನಿಂದ ನೈಟ್ರೇಟ್‌ಗೆ ಇನ್ನೂ 1.14 ಗ್ರಾಂ. ಈ 1.14 ಉಳಿಸಲು ಎರಡನೇ ಹಂತವನ್ನೇ ಬೇಕಂತಲೇ ನಿಲ್ಲಿಸುವ ಘಟಕಗಳಿವೆ. ನೀರನ್ನು 30 ಡಿಗ್ರಿ ಮೇಲೆ ಇಟ್ಟು ಬೇಗ ಬೇಗ ಹರಿಸಿದರೆ ನೈಟ್ರೈಟ್ ತಿನ್ನುವವು ಬೆಳೆಯುವ ಮೊದಲೇ ಕೊಚ್ಚಿಹೋಗುತ್ತವೆ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ 1990ರ ದಶಕದಲ್ಲಿ ಈ ದಾರಿ ರೂಪಿಸಿದರು. ನೀವು ಬೆಳೆಸಲು ಒದ್ದಾಡುವುದನ್ನು ನಾವು ಕೆಲವೊಮ್ಮೆ ಓಡಿಸಲು ಒದ್ದಾಡುತ್ತೇವೆ.

ಮಣ್ಣುಮಾತು

ತಡವಾಗಿ ಬಂದೆ. ಮಣ್ಣಿನ ಕಡೆಯಿಂದ ಒಂದು ಹಳೆಯ ಕಥೆ ಹೇಳಬೇಕು ಅನಿಸಿತು.

ನೈಟ್ರೇಟ್ ಮಾಡುವುದು ಜೀವಿಗಳು ಅಂತಲೇ ಮೊದಲು ಗೊತ್ತಿರಲಿಲ್ಲ. 1877ರಲ್ಲಿ ಫ್ರಾನ್ಸ್‌ನ ಶ್ಲೂಸಿಂಗ್ ಮತ್ತು ಮುಂಟ್ಸ್ ಕೊಳಚೆನೀರನ್ನು ಮರಳು-ಸುಣ್ಣಕಲ್ಲಿನ ಕೊಳವೆಯಲ್ಲಿ ಹರಿಸಿದರು. ಕೆಲವು ವಾರ ಬಿಟ್ಟು ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮ್ ಆವಿ ಬಿಟ್ಟರು, ನಿಂತಿತು. ಮತ್ತೆ ಹಸಿ ಮಣ್ಣು ತೊಳೆದ ನೀರು ಹಾಕಿದರು, ಶುರುವಾಯಿತು. ಬರೀ ರಾಸಾಯನಿಕ ಆಗಿದ್ದರೆ ಕ್ಲೋರೋಫಾರ್ಮ್‌ಗೆ ನಿಲ್ಲುತ್ತಿರಲಿಲ್ಲ. ಫಿಲ್ಟರ್‌ಪ್ರೇಮಿ ಅವರ ಹಳೆಯ ಸ್ಪಂಜಿನ ಕಥೆ ಓದುವಾಗ ನನಗೆ ಇದೇ ನೆನಪಾಯಿತು. ಅವರು ಹಾಕಿದ ಮಣ್ಣು ತೊಳೆದ ನೀರು, ಇವರ ಸ್ಪಂಜು, ಎರಡೂ ಒಂದೇ ಕೆಲಸ.

ಬ್ಯಾಕ್ಟೀರಿಯಾ ಯಾವುದು ಎಂದು ಬೇರ್ಪಡಿಸಿದವರು ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಎಲ್ಲರೂ ಸೂಪು, ಜೆಲಾಟಿನ್ ಹಾಕಿ ಬೆಳೆಸಲು ನೋಡಿ ಸೋತಿದ್ದರು. ಇವರು ಸಾವಯವ ಆಹಾರವನ್ನೆಲ್ಲ ತೆಗೆದು ಬರೀ ಲವಣದ ನೀರಲ್ಲಿ ಬೆಳೆಸಿದರು. 1890ರಲ್ಲಿ ಅಮೋನಿಯಾದ್ದು, ಮರುವರ್ಷ ನೈಟ್ರೈಟ್‌ನದ್ದು. ಬೆಳಕಿಲ್ಲದೆ, ಅನ್ನವಿಲ್ಲದೆ, ಬರೀ ನೈಟ್ರೈಟ್ ಉರಿಸಿ ಗಾಳಿಯ ಇಂಗಾಲದಿಂದ ಮೈ ಕಟ್ಟಿಕೊಳ್ಳುವ ಜೀವ ಇದೆ ಅನ್ನುವುದು ಆಗಿನವರಿಗೆ ಎಷ್ಟು ವಿಚಿತ್ರ ಅನಿಸಿರಬೇಕು! ನೈಟ್ರೊಬ್ಯಾಕ್ಟರ್ ವಿನೊಗ್ರಾಡ್‌ಸ್ಕಿಯಿ ಅನ್ನುವ ಹೆಸರು ಅವರ ನೆನಪಿಗೆ.

ಬಯೋಕೆಮ್_ಎರಡನೇವರ್ಷ

ಎರಡು ಹಂತ, ಎರಡು ಬ್ಯಾಕ್ಟೀರಿಯಾ ಅನ್ನುವ ಲೆಕ್ಕ ಯಾವತ್ತೂ ಸರಿಯಾ? ಒಂದೇ ಬ್ಯಾಕ್ಟೀರಿಯಾ ಎರಡೂ ಮಾಡುತ್ತದೆ ಅಂತ ಎಲ್ಲೋ ಕೇಳಿದ ನೆನಪು.

ಸೂಕ್ಷ್ಮದರ್ಶಿ

ಸರಿಯಾಗಿ ಕೇಳಿದ್ದೀರಿ. ವಿನೊಗ್ರಾಡ್‌ಸ್ಕಿಯಿಂದ 2015ರವರೆಗೆ ಎಲ್ಲರೂ ಎರಡು ಅಂತಲೇ ನಂಬಿದ್ದೆವು. 2015ರ ಕೊನೆಯಲ್ಲಿ ಎರಡು ಗುಂಪುಗಳು ಒಟ್ಟಿಗೆ ಪ್ರಕಟಿಸಿದವು: ನೈಟ್ರೊಸ್ಪೈರಾಗಳಲ್ಲೇ ಕೆಲವು ಅಮೋನಿಯಾದಿಂದ ನೈಟ್ರೇಟ್‌ವರೆಗೆ ಒಂದೇ ಕೋಶದಲ್ಲಿ ಮುಗಿಸುತ್ತವೆ. ಒಂದು ಸಿಕ್ಕಿದ್ದು ರಷ್ಯಾದಲ್ಲಿ, 1,200 ಮೀಟರ್ ಆಳದ ತೈಲ ಬಾವಿಯ ಬಿಸಿನೀರು ಹರಿಯುವ ಕೊಳವೆಗೆ ಅಂಟಿದ ಬ್ಯಾಕ್ಟೀರಿಯಾ ಪದರದಲ್ಲಿ. ಅದಕ್ಕೆ ಇನೊಪಿನಾಟ ಅಂತ ಹೆಸರಿಟ್ಟರು, ಲ್ಯಾಟಿನ್‌ನಲ್ಲಿ ಎದುರುನೋಡದ್ದು ಅಂತ ಅರ್ಥ. ಇನ್ನೊಂದು ಗುಂಪಿಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಮೀನು ಸಾಕಣೆ ತೊಟ್ಟಿಯ ಫಿಲ್ಟರ್‌ನಲ್ಲಿ. ಗಾಜಿನಮೀನು, ನಿಮ್ಮ ಸ್ಪಂಜಿನಂಥದ್ದೇ ಜಾಗ.

ಆಮ್ಲಜನಕ ಇಲ್ಲದ ಕಡೆಯೂ ಈ ಕಿಣ್ವ ಇದೆ. ಅನಮಾಕ್ಸ್ ಬ್ಯಾಕ್ಟೀರಿಯಾಗಳು ಅಮೋನಿಯಾ, ನೈಟ್ರೈಟ್ ಸೇರಿಸಿ ಸಾರಜನಕ ಅನಿಲ ಮಾಡುತ್ತವೆ. ಅವೂ ಒಂದು ಪಾಲು ನೈಟ್ರೈಟನ್ನು ಎನ್‌ಎಕ್ಸ್‌ಆರ್‌ನಿಂದ ನೈಟ್ರೇಟ್ ಮಾಡುತ್ತವೆ, ಇಂಗಾಲ ಹಿಡಿಯಲು ಎಲೆಕ್ಟ್ರಾನ್ ಬೇಕಲ್ಲ. ಕ್ಯೂನೆನಿಯಾ ಅನ್ನುವ ಒಂದರಲ್ಲಿ ಈ ಕಿಣ್ವ ಸಾಲುಗಟ್ಟಿ ಉದ್ದನೆಯ ಎಳೆಗಳಾಗುತ್ತದೆ. ಕೋಶದೊಳಗೆ ಕೊಳವೆಗಳ ಕಟ್ಟು ಕಟ್ಟಿಟ್ಟ ಹಾಗೆ. 2021ರಲ್ಲಿ ಅದರ ರಚನೆ ಹೊರಬಂತು. ನೈಟ್ರೊಸ್ಪೈರಾ ಮತ್ತು ಅನಮಾಕ್ಸ್ ಕುಲದಲ್ಲಿ ದೂರ ದೂರ, ಆದರೆ ಎನ್‌ಎಕ್ಸ್‌ಆರ್ ಜೀನ್‌ಗಳು ಹತ್ತಿರ. ಹಿಂದೆ ಯಾವತ್ತೋ ಒಂದರಿಂದ ಇನ್ನೊಂದಕ್ಕೆ ದಾಟಿರಬೇಕು ಎಂದು 2010ರಲ್ಲಿ ನೈಟ್ರೊಸ್ಪೈರಾದ ಮೊದಲ ಜೀನೋಮ್ ಓದಿದವರು ಹೇಳಿದರು.

ಗಾಜಿನಮೀನು

ಇಪ್ಪತ್ತು ದಿನದ ನಂತರ ಬರೆಯುತ್ತಿದ್ದೇನೆ. ಪರಿಚಯದವರೊಬ್ಬರ ಹಳೆಯ ಫಿಲ್ಟರ್‌ನಿಂದ ಸ್ಪಂಜಿನ ತುಂಡು ಸಿಕ್ಕಿತು. ಹಾಕಿದ ಏಳನೇ ದಿನ ನೈಟ್ರೈಟ್ 2, ಹದಿಮೂರನೇ ದಿನ 0.5, ನಿನ್ನೆಯೂ ಇವತ್ತೂ ಸೊನ್ನೆ. ನಾಲ್ಕೂ ಮೀನು ಬದುಕಿವೆ. ಈಗ ನೈಟ್ರೇಟ್ ಕಿಟ್ 20 ತೋರಿಸುತ್ತಿದೆ, ಈ ಸಲ ನಂಬಬಹುದು ಅಲ್ವಾ?

ಸ್ಪಂಜು ಕಂದು ಬಣ್ಣ ಹಿಡಿದಿದೆ. ನೀರಿನ ಹರಿವು ಕಡಿಮೆಯಾಗಿದೆ. ತೊಳೆಯಲು ಭಯ.

ಫಿಲ್ಟರ್‌ಪ್ರೇಮಿ

ನಂಬಬಹುದು. ಸ್ಪಂಜನ್ನು ನಳದ ನೀರಲ್ಲಿ ತೊಳೆಯಬೇಡಿ, ಕ್ಲೋರಿನ್ ಎಲ್ಲವನ್ನೂ ಕೊಲ್ಲುತ್ತದೆ. ನೀರು ಬದಲಿಸುವ ದಿನ ತೊಟ್ಟಿಯಿಂದ ಒಂದು ಬಕೆಟ್ ನೀರು ತೆಗೆದು ಅದರಲ್ಲೇ ಎರಡು ಸಲ ಹಿಂಡಿ, ವಾಪಸ್ ಹಾಕಿ. ಸಡಿಲವಾದ ಕಸ ಹೋಗುತ್ತದೆ, ಅಂಟಿಕೊಂಡ ಪದರ ಉಳಿಯುತ್ತದೆ.

ಸೂಕ್ಷ್ಮದರ್ಶಿ

ಹಿಂಡಿದ ಮೇಲೆ ಮೂರು ದಿನ ದಿನಾ ನೈಟ್ರೈಟ್ ಅಳೆದು ಇಲ್ಲಿ ಹಾಕುತ್ತೀರಾ? ಹಿಂಡಿದ ಸ್ಪಂಜಿನ ಅಂಕಿ ಯಾರೂ ಬರೆದಿಡುವುದಿಲ್ಲ.

ಗಾಜಿನಮೀನು

ಖಂಡಿತ ಮೇಡಂ. ಭಾನುವಾರ ಹಿಂಡುತ್ತೇನೆ. ಬುಧವಾರ ಅಂಕಿಗಳೊಂದಿಗೆ ಬರುತ್ತೇನೆ.